ಹುಲ್ಲು ಅಂದುಕೊಂಡು ಕಿತ್ತೆ, ಅದು ಪೈನ್ ಸಸಿಯಂತೆ! ಎಳೆಯದರಲ್ಲಿ ಗುರುತು ಹಿಡಿಯುವುದು ಹೇಗೆ?

ಮರಳುನೆಲದ_ಮನೆ · ಮಾರ್ಚ್ 9

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿದ್ದೇವೆ. ಕ್ಯಾರಿ ಪಟ್ಟಣದಲ್ಲಿ ಎಂಟು ವರ್ಷ ಇದ್ದು, ಹೋದ ಬೇಸಿಗೆಯಲ್ಲಿ ಸದರ್ನ್ ಪೈನ್ಸ್ ಊರಿನ ಹತ್ತಿರ ಒಂದು ಎಕರೆ ಜಾಗ ಇರುವ ಮನೆಗೆ ಬಂದೆವು. ಈ ಸೀಮೆಗೆ ಸ್ಯಾಂಡ್‌ಹಿಲ್ಸ್ ಅನ್ನುತ್ತಾರೆ. ಹೆಸರಿಗೆ ತಕ್ಕ ಹಾಗೆ ಪೂರ್ತಿ ಮರಳು ನೆಲ.

ಮನೆಯ ಹಿಂದೆ ದೊಡ್ಡ ಪೈನ್ ಮರಗಳಿವೆ. ಅವುಗಳ ಮುಂದಿನ ಬಯಲಿನಲ್ಲಿ ಅಲ್ಲಲ್ಲಿ ಉದ್ದ ಹುಲ್ಲಿನ ಬುಡಗಳು. ಬೆಂಡೆ, ಮೆಣಸಿನಕಾಯಿ ಹಾಕೋಣ ಅಂತ ನಿನ್ನೆ ಸನಿಕೆ ತಗೊಂಡು ಕಿತ್ತೆ. ನಾಲ್ಕು ಬುಡ ಕಿತ್ತೆ. ಹುಲ್ಲು ಅಂದರೆ ಎಳೆದ ಕೂಡಲೇ ಬರಬೇಕು ಅಲ್ವಾ? ಇದು ಬರಲಿಲ್ಲ. ಒಂದೂವರೆ ಅಡಿ ಅಗೆದರೂ ಬೇರು ಮುಗಿಯಲಿಲ್ಲ, ಕೊನೆಗೆ ತುಂಡಾಯಿತು. ನೋಡಿದರೆ ಗಜ್ಜರಿಯ ಹಾಗೆ ದಪ್ಪ ಬೇರು. ಕೈಗೆಲ್ಲ ಅಂಟು, ಅದೇ ಪೈನ್ ವಾಸನೆ.

ಆಗ ಪಕ್ಕದ ಮನೆಯ ಹಿರಿಯರು ಬೇಲಿ ಹತ್ತಿರ ಬಂದರು. ಬೈಯಲಿಲ್ಲ. "ಇದು ಹುಲ್ಲಲ್ಲ, ಲಾಂಗ್‌ಲೀಫ್ ಪೈನ್. ನೀನು ಕಿತ್ತ ಸಸಿಗೆ ನಾಲ್ಕೈದು ವರ್ಷ ಆಗಿರಬಹುದು" ಅಂದರು. ಒಂದು ಗೇಣು ಎತ್ತರವೂ ಇಲ್ಲದ ಹುಲ್ಲಿನ ಜುಟ್ಟಿಗೆ ನಾಲ್ಕೈದು ವರ್ಷ!

ನಾನು ತೀರ್ಥಹಳ್ಳಿ ಕಡೆಯವಳು. ಹಲಸು, ನಂದಿ, ಹೊನ್ನೆ, ಯಾವ ಸಸಿಯಾದರೂ ಎರಡೆಲೆ ಇರುವಾಗಲೇ ಅಪ್ಪ ಗುರುತು ಹಿಡಿಯುತ್ತಿದ್ದರು, ನನಗೂ ಕಲಿಸಿದ್ದರು. ಇಲ್ಲಿ ಬಂದು ಹೀಗಾಯಿತಲ್ಲ ಅಂತ ರಾತ್ರಿ ನಿದ್ದೆ ಬರಲಿಲ್ಲ. ಇನ್ನೂ ಮೂವತ್ತು ಬುಡಗಳಾದರೂ ಇವೆ. ಯಾವುದು ಹುಲ್ಲು, ಯಾವುದು ಪೈನ್? ಕಿತ್ತಿದ್ದನ್ನು ಮತ್ತೆ ನೆಟ್ಟರೆ ಬದುಕುತ್ತದಾ? ಬಲ್ಲವರು ದಯವಿಟ್ಟು ಹೇಳಿ.

ಕ್ಯಾರಿಯ_ಕೈತೋಟ · ಮಾರ್ಚ್ 9

ಅಕ್ಕಾ, ಮೊದಲು ಕೊನೆಯ ಪ್ರಶ್ನೆ. ತಾಯಿಬೇರು ತುಂಡಾದ ಮೇಲೆ ಆ ವಯಸ್ಸಿನ ಲಾಂಗ್‌ಲೀಫ್ ಬದುಕುವುದು ತುಂಬಾ ಕಷ್ಟ. ಕುಂಡಕ್ಕೆ ಹಾಕಿ ನೆರಳಲ್ಲಿಟ್ಟು ನೋಡಿ, ಆದರೆ ಆಸೆ ಇಟ್ಟುಕೊಳ್ಳಬೇಡಿ. ಬೇಜಾರೂ ಮಾಡಿಕೊಳ್ಳಬೇಡಿ. ಇಲ್ಲೇ ಹುಟ್ಟಿ ಬೆಳೆದವರೂ ಇದನ್ನು ಹುಲ್ಲು ಅಂದುಕೊಳ್ಳುತ್ತಾರೆ. ಈ ಹಂತದ ಹೆಸರೇ ಹುಲ್ಲಿನ ಹಂತ.

ಈಗ ಗುರುತು. ನಾನು ಈ ರಾಜ್ಯಕ್ಕೆ ಬಂದು ಹದಿನಾರು ವರ್ಷ ಆಯಿತು. ವಾರಾಂತ್ಯದಲ್ಲಿ ಸಸಿ ನೆಡುವವರ ಜೊತೆ ಹೋಗುತ್ತೇನೆ. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಬುಡದ ಹತ್ತಿರ ಮಂಡಿಯೂರಿ ಕೂತು ಒಂದೇ ಒಂದು ಎಸಳನ್ನು ಬುಡದ ತನಕ ಬೆರಳಲ್ಲಿ ಸವರಿಕೊಂಡು ಹೋಗಿ. ಹುಲ್ಲಾದರೆ ಎಸಳು ಒಂಟಿಯಾಗಿ ನೆಲದವರೆಗೆ ಹೋಗುತ್ತದೆ. ಪೈನ್ ಆದರೆ ಮೂರು ಸೂಜಿ ಒಂದೇ ಕಡೆ ಸೇರುತ್ತವೆ. ಸೇರುವ ಜಾಗದಲ್ಲಿ ಕಾಗದದಂಥ ಸಣ್ಣ ಪೊರೆ ಇರುತ್ತದೆ, ಕತ್ತಿಗೆ ಒರೆ ಇದ್ದ ಹಾಗೆ. ಯಾವ ಹುಲ್ಲಿನಲ್ಲೂ ಇದು ಸಿಗುವುದಿಲ್ಲ.

ಇನ್ನೊಂದು ಚಂದದ ಪರೀಕ್ಷೆ ಇದೆ. ಆ ಮೂರೂ ಸೂಜಿಗಳನ್ನು ಬೆರಳ ತುದಿಯಲ್ಲಿ ಒತ್ತಿ ಸೇರಿಸಿ. ಒಂದು ದುಂಡಗಿನ ಕಡ್ಡಿಯಾಗುತ್ತದೆ. ಒಂದೊಂದು ಸೂಜಿಯೂ ಹೋಳಿಗೆಯನ್ನು ಮೂರು ಪಾಲು ಮಾಡಿದ ಹಾಗೆ ಇರುತ್ತದೆ. ಎರಡು ಸೂಜಿಯ ಪೈನ್‌ಗಳಲ್ಲಿ ಅರ್ಧ ಪಾಲು, ಐದು ಸೂಜಿಯದರಲ್ಲಿ ಐದನೇ ಒಂದು ಪಾಲು. ಮೊಗ್ಗಿನೊಳಗೆ ಒಟ್ಟಿಗೆ ಬೆಳೆದಿರುತ್ತವೆ, ಹಾಗಾಗಿ ಎಷ್ಟಿದ್ದರೂ ಸೇರಿಸಿದರೆ ದುಂಡು.

ಆಮೇಲೆ ಸೂಜಿಗಳನ್ನು ಮೆಲ್ಲಗೆ ಬಿಡಿಸಿ ನಡುವೆ ಇಣುಕಿ ನೋಡಿ. ಹೆಬ್ಬೆರಳ ತುದಿಯಷ್ಟು ದಪ್ಪದ, ಬೆಳ್ಳಿ ಬಿಳುಪಿನ, ನವಿರು ರೋಮ ಹೊದ್ದ ಮೊಗ್ಗು ಕಂಡರೆ ಅದು ಲಾಂಗ್‌ಲೀಫ್. ಬಿಳಿ ಮೊಗ್ಗು ನೋಡಿದ ಮೇಲೆ ಅನುಮಾನವೇ ಬೇಡ.

ಮರಳುನೆಲದ_ಮನೆ · ಮಾರ್ಚ್ 9

ಈಗಲೇ ಟಾರ್ಚ್ ಹಿಡಿದು ಹೋಗಿ ನೋಡಿ ಬಂದೆ. ಬಿಳಿ ಮೊಗ್ಗು ಇದೆ! ಮೂರು ಸೂಜಿ ಸೇರಿಸಿದರೆ ನಿಜವಾಗಿಯೂ ದುಂಡಗಾಯಿತು. ಮಗಳು ಹತ್ತು ಸಲ ಮಾಡಿ ನೋಡಿದಳು. ನಾಳೆ ಬೆಳಗ್ಗೆ ಇಬ್ಬರೂ ಸೇರಿ ಎಲ್ಲದಕ್ಕೂ ಬಾವುಟ ಕಟ್ಟುತ್ತೇವೆ.

ಆದರೆ ನಾಲ್ಕು ವರ್ಷ ಅದು ಯಾಕೆ ಮೇಲೆ ಏಳುವುದಿಲ್ಲ? ಮಣ್ಣು ಸರಿ ಇಲ್ಲವಾ?

ಕ್ಯಾರಿಯ_ಕೈತೋಟ · ಮಾರ್ಚ್ 10

ಮಣ್ಣಿನ ತಪ್ಪಲ್ಲ. ಅದರ ಬದುಕೇ ಹಾಗೆ. ಮೊದಲಿಂದ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಕಾಯಿ ಬಿರಿದು ಬೀಜ ಉದುರುತ್ತದೆ. ಒಂದೇ ರೆಕ್ಕೆಯ ಬೀಜ, ತಿರುಗುತ್ತಾ ಇಳಿಯುತ್ತದೆ. ಬೇರೆ ಎಷ್ಟೋ ಪೈನ್‌ಗಳ ಬೀಜ ಚಳಿಗಾಲ ಕಳೆದು ವಸಂತದಲ್ಲಿ ಮೊಳೆಯುತ್ತದೆ. ಲಾಂಗ್‌ಲೀಫ್ ಕಾಯುವುದಿಲ್ಲ. ತೇವ ಸಿಕ್ಕರೆ ಕೆಲವೇ ವಾರಗಳಲ್ಲಿ ಮೊಳಕೆ. ಆದರೆ ಬೀಜ ಬರಿ ಮಣ್ಣಿಗೆ ತಾಗಬೇಕು. ದಪ್ಪ ತರಗೆಲೆಯ ಮೇಲೆ ಬಿದ್ದರೆ ಬೇರು ಮಣ್ಣು ಮುಟ್ಟುವ ಮೊದಲೇ ಒಣಗುತ್ತದೆ.

ಮೊಳಕೆಯಲ್ಲೇ ಒಂದು ಗುರುತು ಇದೆ. ಬೇರೆ ಪೈನ್ ಮೊಳಕೆಗೆ ಬೀಜದೆಲೆಗಳ ಕೆಳಗೆ ಪುಟ್ಟ ಕಾಂಡ ಇರುತ್ತದೆ, ಕೊಡೆಗೆ ಹಿಡಿ ಇದ್ದ ಹಾಗೆ. ನಮ್ಮಲ್ಲಿ ಜಾಸ್ತಿ ಕಾಣುವ ಲೋಬ್ಲಾಲಿ ಪೈನ್ ಹಾಗೇ. ಲಾಂಗ್‌ಲೀಫ್‌ಗೆ ಆ ಕಾಂಡ ಇಲ್ಲವೇ ಇಲ್ಲ ಅನ್ನಬಹುದು. ಬೀಜದೆಲೆಗಳು ನೆಲಕ್ಕೆ ಅಂಟಿದ ಹಾಗೆ ಇರುತ್ತವೆ. ಹುಟ್ಟಿದ ದಿನದಿಂದಲೇ ತಲೆ ತಗ್ಗಿಸಿ ಕೂತಿರುವ ಗಿಡ.

ಆಮೇಲೆ ವರ್ಷಗಟ್ಟಲೆ ಅದು ಬೇರು ಬೆಳೆಸುತ್ತದೆ. ನೀವು ಅಗೆದಾಗ ಕಂಡ ಗಜ್ಜರಿ ಅದೇ. ಮೇಲೆ ಬರೀ ಸೂಜಿ. ಈ ಹುಲ್ಲಿನ ಹಂತವನ್ನು ಎರಡು ವರ್ಷಕ್ಕೇ ಮುಗಿಸುವ ಸಸಿಯೂ ಇದೆ, ಹತ್ತು ವರ್ಷ ದಾಟಿಸುವುದೂ ಇದೆ. ಸುತ್ತ ಹುಲ್ಲು, ಪೊದೆಯ ಪೈಪೋಟಿ ಜಾಸ್ತಿ ಇದ್ದರೆ ತಡ. ಬುಡದ ದಪ್ಪ ಸುಮಾರು ಎರಡೂವರೆ ಸೆಂಟಿಮೀಟರ್ ಆದ ಮೇಲೆ ಒಂದು ವಸಂತದಲ್ಲಿ ಬಿಳಿ ಮೊಗ್ಗು ಮೇಣದಬತ್ತಿಯ ಹಾಗೆ ನೆಟ್ಟಗೆ ಏಳುತ್ತದೆ. ನಮ್ಮೂರ ಕಳಲೆ ನೆನಪಾಗುತ್ತದೆ. ಅದುವರೆಗೆ ಅಂಗುಲ ಏಳದ್ದು ಒಂದೇ ವರ್ಷದಲ್ಲಿ ಮೂರು ನಾಲ್ಕು ಅಡಿ ಏರಬಹುದು. ಕೊಂಬೆ ಇರುವುದಿಲ್ಲ, ಒಂದೇ ಕಂಬ, ಸುತ್ತ ಸೂಜಿ. ಬಾಟಲಿ ತೊಳೆಯುವ ಬ್ರಶ್ ನೆಟ್ಟ ಹಾಗೆ. ಆಳೆತ್ತರ ದಾಟಿದ ಮೇಲೆ ನಿಧಾನಕ್ಕೆ ಕೊಂಬೆ.

ಇದೆಲ್ಲ ಬೆಂಕಿಗೋಸ್ಕರ. ಇಲ್ಲಿನ ಕಾಡಿಗೆ ಹಿಂದೆ ಸಿಡಿಲಿನಿಂದ ಕೆಲವು ವರ್ಷಕ್ಕೊಮ್ಮೆ ನೆಲದ ಬೆಂಕಿ ಬೀಳುತ್ತಿತ್ತು. ಮೂಲನಿವಾಸಿಗಳೂ ಹಚ್ಚುತ್ತಿದ್ದರು. ಬೆಂಕಿ ಹುಲ್ಲಿನ ಮೇಲೆ ಬೇಗ ಓಡಿ ಹೋಗುತ್ತದೆ. ಉದ್ದ ಸೂಜಿಗಳು ದಟ್ಟವಾಗಿ ಮೊಗ್ಗನ್ನು ಮುಚ್ಚಿರುತ್ತವೆ. ಸೂಜಿ ಸುಟ್ಟರೂ ಮೊಗ್ಗು ಉಳಿಯುತ್ತದೆ, ಬೇರಿನಲ್ಲಿ ಕೂಡಿಟ್ಟದ್ದರಿಂದ ಹೊಸ ಸೂಜಿ ಬರುತ್ತದೆ. ಮೊದಲ ವರ್ಷದ ಮರಿ ಮಾತ್ರ ತಡೆಯುವುದಿಲ್ಲ. ಮೇಲೇಳಲು ಶುರು ಮಾಡಿದ ಒಂದೆರಡು ವರ್ಷವೂ ಅಪಾಯದ ಕಾಲ, ಮೊಗ್ಗು ಸರಿಯಾಗಿ ಜ್ವಾಲೆಯ ಎತ್ತರದಲ್ಲಿರುತ್ತದೆ. ಅದಕ್ಕೇ ಅಷ್ಟು ಅವಸರದಲ್ಲಿ ಏರುವುದು.

ರಾಣಿಖೇತ್_ದಿನಗಳು · ಮಾರ್ಚ್ 10

ಓದಿ ಮೈ ಜುಮ್ಮೆಂದಿತು. ನಮ್ಮವರು ಸೇನೆಯಲ್ಲಿದ್ದಾಗ ಉತ್ತರಾಖಂಡದ ಕುಮಾವೂಂ ಬೆಟ್ಟಗಳಲ್ಲಿ ಐದು ವರ್ಷ ಇದ್ದೆವು. ಅಲ್ಲಿನ ಚೀಡ್ ಮರ, ಅಂದರೆ ಚಿರ್ ಪೈನ್, ಕೂಡ ಬಹುಮಟ್ಟಿಗೆ ಹೀಗೇ. ಅಷ್ಟು ಉದ್ದ ಹುಲ್ಲಿನ ಹಂತ ಇಲ್ಲ. ಆದರೆ ಮೊದಲ ವರ್ಷಗಳಲ್ಲಿ ಅದರ ಕಾಂಡ ಚಳಿಗೋ ಒಣಗಿಗೋ ಬೆಂಕಿಗೋ ಸತ್ತು ಹೋಗುತ್ತದೆ, ಬುಡದಿಂದ ಮತ್ತೆ ಚಿಗುರುತ್ತದೆ. ನೋಡಿದವರು ಸಸಿ ಹೋಯಿತು ಅಂದುಕೊಳ್ಳುತ್ತಾರೆ. ಕೆಳಗೆ ಬೇರು ದಪ್ಪ ಆಗುತ್ತಲೇ ಇರುತ್ತದೆ. ಸಾಕಷ್ಟು ಆದ ಮೇಲೆ ಗಟ್ಟಿ ಕಾಂಡ ಬಂದು ನಿಲ್ಲುತ್ತದೆ.

ಚಿರ್ ಬೀಜ ಉದುರುವುದು ಬೇಸಿಗೆಯಲ್ಲಿ, ಏಪ್ರಿಲ್ ಮೇ ಸುಮಾರಿಗೆ. ಆಗಲೇ ಕಾಡುಕಿಚ್ಚಿನ ಕಾಲ. ಮಳೆ ಬಿದ್ದ ಮೇಲೆ ಜುಲೈನಲ್ಲಿ ದಾರಿಬದಿಯ ಕಡಿದ ದಿಣ್ಣೆಗಳ ಮೇಲೆ ಮೊಳಕೆಗಳ ಸಾಲು. ಪ್ರತಿ ಮೊಳಕೆಯ ತಲೆ ಮೇಲೂ ಬೀಜದ ಸಿಪ್ಪೆ ಟೋಪಿಯ ಹಾಗೆ ಕೂತಿರುತ್ತದೆ. ಎರಡು ಮೂರು ದಿನದಲ್ಲಿ ಟೋಪಿ ಬಿದ್ದು ಹತ್ತರ ಆಸುಪಾಸಿನ ಬೀಜದೆಲೆಗಳು ನಕ್ಷತ್ರದ ಹಾಗೆ ಬಿಚ್ಚಿಕೊಳ್ಳುತ್ತವೆ. ಹುರುಳಿ, ಅವರೆಗೆ ಎರಡೇ ಬೀಜದೆಲೆ ನೋಡಿದ ನಮಗೆ ಇದು ವಿಚಿತ್ರ.

ಅಲ್ಲಿ ನಾನು ಎಡವಿದ್ದು ಬೇರೆ ಕಡೆ. ಮೊದಲ ವರ್ಷದ ಚಿರ್ ಸಸಿಗೆ ಮೂರು ಸೂಜಿಯ ಕಟ್ಟು ಇರುವುದೇ ಇಲ್ಲ! ಒಂಟಿ ಎಲೆಗಳು. ಗಿಡ್ಡ, ಚಪ್ಪಟೆ, ನೀಲಿ ಬೂದು ಬಣ್ಣ, ಅಂಚಿನಲ್ಲಿ ಸಣ್ಣ ಗರಗಸದ ಹಲ್ಲು. ದೊಡ್ಡ ಮರದ್ದು ತಿಳಿ ಹಸಿರು, ಒಂದು ಅಡಿ ಹತ್ತಿರ ಉದ್ದ. ಎರಡೂ ಒಂದೇ ಮರದ ಎಲೆ ಅಂತ ಯಾರೂ ನಂಬುವುದಿಲ್ಲ. ನಾನು ಅದನ್ನು ದೇವದಾರು ಸಸಿ ಅಂದುಕೊಂಡು ಅಂಗಳದಲ್ಲಿ ಎರಡು ವರ್ಷ ಸಾಕಿದೆ. ಆಮೇಲೆ ಒಂಟಿ ಎಲೆಗಳ ಕಂಕುಳಿಂದ ಮೂರು ಮೂರರ ಕಟ್ಟು ಹೊರಟಾಗ ಗೊತ್ತಾಯಿತು.

ಮರಳುನೆಲದ_ಮನೆ · ಮಾರ್ಚ್ 10

ಹಾಗಾದರೆ ಮೂರು ಸೂಜಿ ಇಲ್ಲದಿದ್ದರೆ ಪೈನ್ ಅಲ್ಲ ಅನ್ನುವ ಹಾಗಿಲ್ಲ?

ಕ್ಯಾರಿಯ_ಕೈತೋಟ · ಮಾರ್ಚ್ 10

ಸರಿಯಾಗಿ ಹಿಡಿದಿರಿ. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಎಲ್ಲ ಪೈನ್‌ಗೂ ಎಲೆ ಮೂರು ತರ ಬರುತ್ತದೆ. ಮೊದಲು ಬೀಜದೆಲೆಗಳು, ಒಂದೇ ಸುತ್ತಾಗಿ, ಒಂದೇ ಸಲ. ಆಮೇಲೆ ಎಳೆತನದ ಒಂಟಿ ಎಲೆಗಳು. ಕಡೆಗೆ ಪೊರೆ ಇರುವ ಕಟ್ಟು, ಅದೇ ಜೀವನಪೂರ್ತಿ. ಎಣಿಕೆ ನಂಬಬೇಕಾದ್ದು ಕಟ್ಟು ಬಂದ ಮೇಲೆ.

ಒಂದೇ ಗಿಡದಲ್ಲಿ ಕೆಳಗೆ ಒಂಟಿ ಎಲೆ, ಮೇಲೆ ಕಟ್ಟು ಎರಡೂ ಇದ್ದರೆ ಅದು ದಾಟುವ ಕಾಲ. ಅಂಥ ಸಸಿ ಸಿಕ್ಕರೆ ಬಿಡದೆ ನೋಡಿ, ಇಡೀ ಕತೆ ಒಂದು ಗೇಣಿನಲ್ಲಿ ಸಿಗುತ್ತದೆ.

ಉಪ್ಸಲಾ_ಕನ್ನಡತಿ · ಮಾರ್ಚ್ 11

ಸ್ವೀಡನ್‌ನಿಂದ ನನ್ನದೂ ಸೇರಿಸುತ್ತೇನೆ. ಇಲ್ಲಿ ಸುತ್ತ ಇರುವುದು ಮುಖ್ಯವಾಗಿ ಎರಡೇ, ಸ್ಕಾಟ್ಸ್ ಪೈನ್ ಮತ್ತು ಸ್ಪ್ರೂಸ್. ಪೈನ್‌ಗೆ ಸೂಜಿ ಜೋಡಿ ಜೋಡಿ, ನೀಲಿ ಛಾಯೆ, ಸ್ವಲ್ಪ ತಿರುಚಿಕೊಂಡಿರುತ್ತದೆ. ಸ್ಪ್ರೂಸ್‌ಗೆ ಒಂಟಿ ಸೂಜಿ. ಬೆರಳಲ್ಲಿ ಉರುಳಿಸಿದರೆ ನಾಲ್ಕು ಮೂಲೆ ತಾಗುತ್ತದೆ. ಉದುರಿದ ಜಾಗದಲ್ಲಿ ಸಣ್ಣ ಮೊಳೆ ಉಳಿಯುತ್ತದೆ, ಕೊಂಬೆ ಸವರಿದರೆ ಅರದ ಹಾಗೆ ಒರಟು.

ವಯಸ್ಸು ತಿಳಿಯಲು ಸುಲಭದ ದಾರಿ ಇದೆ. ವರ್ಷಕ್ಕೊಂದು ಸುತ್ತು ಕೊಂಬೆ. ಸುತ್ತು ಎಣಿಸಿ, ಬುಡದ ಹತ್ತಿರ ಸುತ್ತು ಇಲ್ಲದ ಮೊದಲ ಎರಡು ಮೂರು ವರ್ಷ ಸೇರಿಸಿ. ಎರಡು ಸುತ್ತಿನ ನಡುವಿನ ಅಂತರ ನೋಡಿದರೆ ಯಾವ ವರ್ಷ ಚೆನ್ನಾಗಿ ಬೆಳೆಯಿತು ಅನ್ನುವುದೂ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಮೂಸ್ ಅನ್ನುವ ದೊಡ್ಡ ಜಿಂಕೆ ಬಂದು ಎಳೆ ಪೈನ್‌ಗಳ ಕುಡಿ ತಿಂದು ಹೋಗುತ್ತದೆ. ಕುಡಿ ಹೋದ ವರ್ಷ ಪಕ್ಕದ ಕೊಂಬೆ ಮೇಲಕ್ಕೆ ತಿರುಗುತ್ತದೆ, ಕಾಂಡದಲ್ಲಿ ಆ ಡೊಂಕು ಉಳಿದುಬಿಡುತ್ತದೆ.

ಕ್ಯಾರಿಯ_ಕೈತೋಟ · ಮಾರ್ಚ್ 11

ಈ ಎಣಿಕೆ ನಮ್ಮಲ್ಲಿ ಎಲ್ಲದಕ್ಕೂ ನಡೆಯುವುದಿಲ್ಲ, ಅದಕ್ಕೆ ಒಂದು ಎಚ್ಚರಿಕೆ. ಇಲ್ಲಿನ ವೈಟ್ ಪೈನ್‌ಗೆ ಸರಿ. ಲೋಬ್ಲಾಲಿ ಒಂದೇ ವರ್ಷದಲ್ಲಿ ಎರಡು ಮೂರು ಸಲ ಕುಡಿ ಬಿಡುತ್ತದೆ, ಪ್ರತಿ ಸಲಕ್ಕೂ ಸುತ್ತು. ಮೂರು ವರ್ಷದ ಗಿಡವನ್ನು ಎಂಟು ಅಂದುಬಿಡಬಹುದು. ಲಾಂಗ್‌ಲೀಫ್ ಹುಲ್ಲಿನ ಹಂತಕ್ಕಂತೂ ಸುತ್ತೂ ಇಲ್ಲ, ಕಾಂಡವೂ ಇಲ್ಲ. ನಿಮ್ಮ ನೆರೆಯವರು "ಆಗಿರಬಹುದು" ಅಂದದ್ದು ಅದಕ್ಕೇ.

ಬಸವನಗುಡಿ_ಬಾಲ್ಕನಿ · ಮಾರ್ಚ್ 11

ನಮ್ಮ ಬೆಂಗಳೂರಿನ ಪೈನ್ ಮರಗಳನ್ನೂ ಹೀಗೇ ನೋಡಬಹುದಾ? ನಮ್ಮ ಬೀದಿಯಲ್ಲಿ ಒಂದು ಇದೆ, ಗಾಳಿ ಬಂದರೆ ಸುಯ್ ಅನ್ನುತ್ತದೆ. ಲಾಲ್‌ಬಾಗ್‌ನಲ್ಲೂ ಎತ್ತರದ್ದು ನೋಡಿದ್ದೇನೆ.

ತೋಟ_ಮತ್ತು_ಕಾಡು · ಮಾರ್ಚ್ 11

ಸುಯ್ ಅನ್ನುವುದು ಬಹುಶಃ ಗಾಳಿ ಮರ, ನಮ್ಮ ಕಡೆ ಸರ್ವೆ ಅನ್ನುತ್ತೇವೆ. ಅದಕ್ಕೂ ಪೈನ್‌ಗೂ ನೆಂಟಸ್ತಿಕೆ ಇಲ್ಲ, ಅದು ಹೂ ಬಿಡುವ ಮರ. ಸೂಜಿಯ ಹಾಗೆ ಕಾಣುವುದು ಎಲೆಯೇ ಅಲ್ಲ, ಸಪೂರ ಕಡ್ಡಿ. ಒಂದನ್ನು ಕಿತ್ತು ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಗಂಟು ಗಂಟಿನಲ್ಲಿ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಗಂಟಿನ ಸುತ್ತ ಹಲ್ಲಿನ ಹಾಗೆ ಕಾಣುವುದೇ ಅದರ ನಿಜವಾದ ಎಲೆ. ಪೈನ್ ಸೂಜಿಗೆ ಗಂಟಿಲ್ಲ. ಸಣ್ಣ ಸಸಿಗೂ ಈ ಪರೀಕ್ಷೆ ನಡೆಯುತ್ತದೆ.

ಲಾಲ್‌ಬಾಗ್‌ನಲ್ಲಿ ನೀವು ನೋಡಿದ್ದು ಅರೌಕೇರಿಯಾ ಇರಬೇಕು, ಜನ ಕ್ರಿಸ್‌ಮಸ್ ಮರ ಅನ್ನುತ್ತಾರೆ. ಅದೂ ಪೈನ್ ಹಾಗೆ ಬಿಲ್ಲೆ ಬಿಲ್ಲೆಯ ಕಾಯಿ (ಕೋನ್) ಬಿಡುವ ಜಾತಿಯದೇ, ಆದರೆ ಪೈನ್ ಕುಟುಂಬ ಅಲ್ಲ. ಎಲೆ ಕಟ್ಟಾಗಿ ಬರುವುದಿಲ್ಲ.

ನಿಜವಾದ ಪೈನ್ ನೋಡಬೇಕಾದರೆ ನೀಲಗಿರಿ, ಕೊಡೈಕೆನಾಲ್ ಕಡೆ ಹೋಗಿ. ಅಲ್ಲಿ ನೆಟ್ಟಿರುವುದರಲ್ಲಿ ಪಟುಲಾ ಪೈನ್ ಸುಲಭದಲ್ಲಿ ಗುರುತು ಸಿಗುತ್ತದೆ. ಮೂಲ ಮೆಕ್ಸಿಕೋ. ಸಾಮಾನ್ಯವಾಗಿ ಮೂರು ಸೂಜಿ, ಕೆಲವೊಮ್ಮೆ ನಾಲ್ಕು. ಸೂಜಿ ನೆಟ್ಟಗೆ ನಿಲ್ಲುವುದಿಲ್ಲ, ಒದ್ದೆ ಕೂದಲಿನ ಹಾಗೆ ಜೋತು ಬೀಳುತ್ತದೆ. ಎಳೆ ಮರದ ಮೇಲ್ಭಾಗದ ತೊಗಟೆ ಕಿತ್ತಳೆ ಬಣ್ಣ, ಹಾಳೆ ಹಾಳೆಯಾಗಿ ಸಿಪ್ಪೆ ಏಳುತ್ತದೆ. ಕಾಯಿಗಳು ಬಲಿತರೂ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಕೊಂಬೆಗೇ ಅಂಟಿರುತ್ತವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮರಳುನೆಲದ ಮನೆಯವರ ಸಸಿ ಅಲ್ಲಿನ ಮಣ್ಣಿನ ಮಗು, ಉಳಿಸಲೇಬೇಕು. ನಮ್ಮ ಘಟ್ಟದ ಶೋಲಾ ಹುಲ್ಲುಗಾವಲಿನಲ್ಲಿ ಪಟುಲಾ ಸಸಿ ತಾನಾಗಿ ಎದ್ದರೆ ನಾನು ಕೀಳುತ್ತೇನೆ. ಅಲ್ಲಿ ಹುಲ್ಲೇ ಮುಖ್ಯ. ನೀರು ಹಿಡಿದು ಬಿಡುವುದು, ಕಾಡೆಮ್ಮೆಗೆ ಮೇವು, ನೀಲಗಿರಿ ತಾರ್ ಅನ್ನುವ ಕಾಡುಮೇಕೆಗೆ ಮನೆ, ಎಲ್ಲ ಆ ಹುಲ್ಲು. ಅಕೇಶಿಯಾ, ವಾಟಲ್, ಪೈನ್ ನೆಟ್ಟು ಅದನ್ನು ಎಷ್ಟು ಕಳೆದುಕೊಂಡಿದ್ದೇವೆ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ಯಾವ ಪೈನ್ ಅನ್ನುವುದರ ಜೊತೆಗೆ ಯಾವ ಊರಿನಲ್ಲಿ ಅನ್ನುವುದನ್ನೂ ಕೇಳಿ.

ರಾಣಿಖೇತ್_ದಿನಗಳು · ಮಾರ್ಚ್ 12

ಕುಮಾವೂಂ ಹೆಂಗಸರೂ ಹೀಗೇ ನೋವಿನಿಂದ ಹೇಳುತ್ತಿದ್ದರು. ಅಲ್ಲಿ ಚೀಡ್ ಹೊರಗಿನದಲ್ಲ, ಹಿಮಾಲಯದ್ದೇ ಮರ. ಆದರೂ ಅವರಿಗೆ ಬೇಕಾದ್ದು ಬಾಂಜ್, ಅಂದರೆ ಓಕ್. ದನಕ್ಕೆ ಸೊಪ್ಪು, ಬುಡದಲ್ಲಿ ತೇವ, ಊರಿಗೆ ಒರತೆ. ಚೀಡ್ ಕೊಡುವುದು ಪಿರುಲ್. ಉದುರಿದ ಸೂಜಿಗೆ ಅವರ ಹೆಸರು ಅದು. ಕೊಟ್ಟಿಗೆಗೆ ಹಾಸುತ್ತಾರೆ, ಆದರೆ ಇಳಿಜಾರಿನಲ್ಲಿ ಅದರ ಮೇಲೆ ಕಾಲಿಟ್ಟರೆ ಜಾರಿ ಬೀಳುವುದು ಗ್ಯಾರಂಟಿ, ಬೇಸಿಗೆಯಲ್ಲಿ ಬೆಂಕಿಗೆ ಮೊದಲ ತುತ್ತು. ಬ್ರಿಟಿಷರ ಕಾಲದಲ್ಲಿ ರಾಳಕ್ಕೂ ರೈಲು ಹಳಿಯ ದಿಮ್ಮಿಗೂ ಈ ಮರಕ್ಕೆ ಬೆಲೆ ಬಂತು, ಕಾಡು ಜನರ ಕೈ ತಪ್ಪಿತು. 1921ರಲ್ಲಿ ಕುಮಾವೂಂ ಜನ ಸಿಟ್ಟಿನಿಂದ ಚೀಡ್ ಕಾಡುಗಳಿಗೇ ಬೆಂಕಿ ಹಚ್ಚಿದ್ದರು.

ದೇವದಾರು ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಕನ್ನಡದಲ್ಲಿ ನಾವು ಸೂಜಿ ಎಲೆಯ ಮರಕ್ಕೆಲ್ಲ ದೇವದಾರು ಅಂದುಬಿಡುತ್ತೇವೆ. ದೇವದಾರು ಬೇರೆಯೇ ಮರ. ಅದರ ಹೊಸ ಕುಡಿಯಲ್ಲಿ ಸೂಜಿ ಒಂಟಿ. ಹಳೆ ಕೊಂಬೆಯಲ್ಲಿ ಗಿಡ್ಡ ಮೊಟಕುಗಳ ತುದಿಯಲ್ಲಿ ಹತ್ತು ಇಪ್ಪತ್ತು ಸೂಜಿಗಳ ಗುಂಪು, ಪೊರೆ ಇಲ್ಲ. ಸೂಜಿ ಎರಡರಿಂದ ಐದು ಸೆಂಟಿಮೀಟರ್, ಗಟ್ಟಿ, ಚುಚ್ಚುತ್ತದೆ. ಎಳೆ ದೇವದಾರಿನ ತುದಿ ನಾಚಿದ ಹಾಗೆ ಬಾಗಿರುತ್ತದೆ, ದೂರದಿಂದಲೇ ಹೇಳಬಹುದು. ನೆಲದ ಮೇಲೆ ಇಡೀ ಕಾಯಿ ಬಿದ್ದಿದ್ದರೆ ಮೇಲಿರುವುದು ಪೈನ್, ಕಾಯಿಯ ಬಿಡಿ ಬಿಲ್ಲೆಗಳು ಬಿದ್ದಿದ್ದರೆ ದೇವದಾರು.

ಹಿಮಾಚಲದ ಕಡೆ ಎತ್ತರಕ್ಕೆ ಹೋದರೆ ಕೈಲ್ ಸಿಗುತ್ತದೆ. ನೀಲಿ ಪೈನ್. ಐದು ಸೂಜಿ, ಮೃದು, ಜೋಲು. ಅದರ ಪೊರೆ ಬೇಗ ಉದುರಿ ಹೋಗುತ್ತದೆ, ಚೀಡ್‌ನದು ಕಡೆತನಕ ಅಂಟಿಕೊಂಡಿರುತ್ತದೆ. ಹಾಗಾಗಿ ಪೊರೆ ಕಾಣದಿದ್ದರೆ ಗಾಬರಿ ಬೇಡ, ಐದು ಇವೆಯಾ ನೋಡಿ.

ಬಸವನಗುಡಿ_ಬಾಲ್ಕನಿ · ಮಾರ್ಚ್ 12

ಕಡ್ಡಿ ಎಳೆದೆ. ಟಕ್ ಅಂತು! ಇಷ್ಟು ವರ್ಷ ಅದನ್ನು ಪೈನ್ ಅಂತಲೇ ಮಕ್ಕಳಿಗೆ ಹೇಳಿದ್ದೆ. ಇವತ್ತು ಸಂಜೆ ಸರಿ ಮಾಡಿ ಹೇಳುತ್ತೇನೆ. ಇನ್ನೊಂದು ಕೇಳಬೇಕು. ಡೆಹ್ರಾಡೂನಿನಿಂದ ತಂದ ಚಿರ್ ಬೀಜ ಕುಂಡದಲ್ಲಿ ಹಾಕಿದ್ದೆ. ಒಂಬತ್ತು ಹುಟ್ಟಿತು, ಮೂರೇ ವಾರದಲ್ಲಿ ಏಳು ಬುಡ ಕೊಳೆತು ಮಲಗಿಬಿಟ್ಟವು.

ರಾಣಿಖೇತ್_ದಿನಗಳು · ಮಾರ್ಚ್ 12

ನೀರು ಜಾಸ್ತಿ ಆಗಿದೆ. ಎಳೆ ಪೈನ್‌ಗೆ ಇದೇ ದೊಡ್ಡ ರೋಗ, ಮಣ್ಣಿನ ಬೂಷ್ಟು ಬುಡ ತಿನ್ನುತ್ತದೆ. ಮರಳು ಜಾಸ್ತಿ ಹಾಕಿ, ಮೇಲಿನ ಮಣ್ಣು ಒಣಗಿದ ಮೇಲೆ ಮಾತ್ರ ನೀರು, ಗಾಳಿ ಆಡಬೇಕು. ಟೋಪಿಯನ್ನು ಉಗುರಲ್ಲಿ ಕೀಳಬೇಡಿ, ಅದು ತಾನಾಗಿ ಬೀಳಲಿ. ಎಲೆ ತುದಿ ಮುರಿದರೆ ಸಸಿ ಸೊರಗುತ್ತದೆ.

ಉಳಿದ ಎರಡು ಹಳದಿಯಾಗಿ ನಿಂತುಬಿಟ್ಟರೆ ಕಾರಣ ಬೇರೆ ಇರಬಹುದು. ಪೈನ್ ಬೇರಿಗೆ ಒಳ್ಳೆಯ ಅಣಬೆಯ ಜೊತೆ ಬೇಕು. ಅಣಬೆಯ ಎಳೆಗಳು ಬೇರನ್ನು ಹೊದ್ದು ನೀರು, ರಂಜಕ ತಂದುಕೊಡುತ್ತವೆ, ಬದಲಿಗೆ ಸಕ್ಕರೆ ತಗೊಳ್ಳುತ್ತವೆ. ಪೈನ್ ಇಲ್ಲದ ಊರಿನ ಮಣ್ಣಿನಲ್ಲಿ ಆ ಜಾತಿಯ ಅಣಬೆ ಸಿಗುವುದು ಕಷ್ಟ. ಉಷ್ಣ ದೇಶಗಳಲ್ಲಿ ಮೊದಮೊದಲು ಪೈನ್ ನೆಟ್ಟಾಗ ಸೋತು, ಪೈನ್ ಕಾಡಿನ ಮಣ್ಣು ತಂದು ಬೆರೆಸಿದ ಮೇಲೇ ಸಸಿ ಎದ್ದದ್ದು. ಕುಮಾವೂಂ ನರ್ಸರಿಗಳಲ್ಲಿ ದೊಡ್ಡ ಮರದ ಬುಡದ ಮಣ್ಣು ಒಂದು ಹಿಡಿ ಹಾಕುವುದು ನೋಡಿದ್ದೇನೆ.

ಹೊಸ_ಸದಸ್ಯ · ಮಾರ್ಚ್ 13

ಮರಳುನೆಲದ ಮನೆಯವರೇ, ಆ ಮೂವತ್ತು ಸಸಿಗಳನ್ನು ಈಗಲೇ ಬೇಲಿ ಅಂಚಿಗೆ ಕಿತ್ತು ನೆಟ್ಟುಬಿಡಿ. ತೋಟಕ್ಕೂ ಜಾಗ ಆಗುತ್ತದೆ, ಸಸಿಯೂ ಉಳಿಯುತ್ತದೆ.

ಕ್ಯಾರಿಯ_ಕೈತೋಟ · ಮಾರ್ಚ್ 13

ದಯವಿಟ್ಟು ಬೇಡ. ಕಾರಣ ಮೇಲೆಯೇ ಇದೆ, ತಾಯಿಬೇರು. ಅಡಿಕೆ ಸಸಿ ಕಿತ್ತು ನೆಟ್ಟ ಹಾಗಲ್ಲ ಇದು. ತೋಟವನ್ನೇ ಪಕ್ಕಕ್ಕೆ ಸರಿಸಿ. ಹೊಸ ಸಸಿ ಬೇಕಾದರೆ ನರ್ಸರಿಯಲ್ಲಿ ಕೊಳವೆಯಲ್ಲಿ ಬೆಳೆಸಿದ್ದು ಸಿಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ನೆಡುವ ಕಾಲ. ಮೊಗ್ಗು ಮಣ್ಣಿನಲ್ಲಿ ಹೂತುಹೋಗಬಾರದು, ಮರಳು ಕೊಚ್ಚಿ ಬಂದು ಮುಚ್ಚಿದರೂ ಸಾಯುತ್ತದೆ.

ಮರಳುನೆಲದ_ಮನೆ · ಮಾರ್ಚ್ 15

ಎಲ್ಲರಿಗೂ ವಂದನೆ. ಎಣಿಸಿ ಮುಗಿಯಿತು. 34 ಬುಡಗಳಲ್ಲಿ 21 ಲಾಂಗ್‌ಲೀಫ್, 13 ನಿಜವಾದ ಹುಲ್ಲು. ನೆರೆಯವರು ಅದನ್ನು ವಯರ್‌ಗ್ರಾಸ್ ಅಂದರು. ತಂತಿಯ ಹಾಗೇ ಇದೆ. ಅದೂ ಈ ಕಾಡಿನದೇ ಹುಲ್ಲಂತೆ, ಬೆಂಕಿ ಬಿದ್ದ ಮೇಲೆ ಹೂ ಬಿಡುತ್ತದಂತೆ. ಅದನ್ನೂ ಕೀಳುತ್ತಿಲ್ಲ.

ಬೇಲಿ ಹತ್ತಿರ ಬೇರೆ ತರದ ಸಸಿಗಳೂ ಇವೆ. ಮೊಣಕಾಲೆತ್ತರ, ಕಾಂಡ ಇದೆ, ಕೊಂಬೆ ಇದೆ, ಸೂಜಿ ಮೂರೇ. ಆದರೆ ಗೇಣಿಗಿಂತ ಉದ್ದ ಇಲ್ಲ, ಮೊಗ್ಗು ಬಿಳಿ ಇಲ್ಲ.

ಕ್ಯಾರಿಯ_ಕೈತೋಟ · ಮಾರ್ಚ್ 15

ಅದು ಲೋಬ್ಲಾಲಿ. ಮೊಗ್ಗು ಕಂದು ಬಣ್ಣ, ಸಪೂರ ಇರಬೇಕು. ಎರಡು ಸೂಜಿಯ ಗಿಡ್ಡದ್ದು ಸಿಕ್ಕರೆ ಬೆರಳಷ್ಟು ಉದ್ದ ಇದೆಯಾ, ತಿರುಚಿದೆಯಾ ನೋಡಿ. ತೀರಾ ಗಿಡ್ಡ, ತಿರುಚಿದ್ದು ವರ್ಜೀನಿಯಾ ಪೈನ್. ನೆಟ್ಟಗಿದ್ದು ಕೆಲವು ಕಟ್ಟಿನಲ್ಲಿ ಎರಡು, ಕೆಲವದರಲ್ಲಿ ಮೂರು ಇದ್ದರೆ ಶಾರ್ಟ್‌ಲೀಫ್. ಶಾರ್ಟ್‌ಲೀಫ್ ಸಸಿಯ ಬುಡ ಮಣ್ಣಿನ ಮಟ್ಟದಲ್ಲಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಆ ಬಾಗಿದ ಜಾಗದಲ್ಲಿ ಮಲಗಿದ ಮೊಗ್ಗುಗಳಿರುತ್ತವೆ, ಮೇಲೆ ಸುಟ್ಟುಹೋದರೆ ಅಲ್ಲಿಂದ ಚಿಗುರುತ್ತದೆ. ಒಂದೇ ಬೆಂಕಿಗೆ ಒಂದೊಂದು ಪೈನ್ ಒಂದೊಂದು ಉಪಾಯ ಕಂಡುಕೊಂಡಿದೆ.

ಬಿಡುವಾದಾಗ ಮಗಳನ್ನು ನಿಮ್ಮೂರಿನ ವೇಮೌತ್ ವುಡ್ಸ್ ಕಾಡಿಗೆ ಕರೆದುಕೊಂಡು ಹೋಗಿ. 1548ರಲ್ಲಿ ಮೊಳೆತದ್ದು ಅಂತ ಲೆಕ್ಕ ಹಾಕಿರುವ ಲಾಂಗ್‌ಲೀಫ್ ಅಲ್ಲಿದೆ, ಗೊತ್ತಿರುವುದರಲ್ಲಿ ಅದೇ ಹಿರಿಯದು. ನಮ್ಮ ಹಂಪಿ ಇನ್ನೂ ರಾಜಧಾನಿಯಾಗಿದ್ದ ಕಾಲ. ಅದೂ ಒಮ್ಮೆ ಹುಲ್ಲಿನ ಜುಟ್ಟಾಗಿ ಕೂತಿತ್ತು. ವರ್ಜೀನಿಯಾದಿಂದ ಟೆಕ್ಸಾಸ್ ತನಕ ಸುಮಾರು 9 ಕೋಟಿ ಎಕರೆ ಈ ಕಾಡು ಇತ್ತಂತೆ. ಡಾಂಬರು, ಟರ್ಪೆಂಟೈನ್, ಮರಕ್ಕಾಗಿ ಕಡಿದು, ಆಮೇಲೆ ಬೆಂಕಿಯನ್ನೂ ತಡೆದು, 1990ರ ದಶಕಕ್ಕೆ ಉಳಿದದ್ದು ಸುಮಾರು 30 ಲಕ್ಷ. ಬದುಕಿರುವ ಹಳೆ ಪೈನ್ ಕೊರೆದು ಗೂಡು ಮಾಡುವ ರೆಡ್ ಕಾಕೇಡೆಡ್ ಮರಕುಟಿಗ ಅದಕ್ಕೇ ಅಪರೂಪ ಆದದ್ದು. ನಿಮ್ಮ 21 ಸಸಿ ಸಣ್ಣ ಲೆಕ್ಕ ಅಲ್ಲ.

ಮರಳುನೆಲದ_ಮನೆ · ಜುಲೈ 2

ಬೇಸರದ ಸುದ್ದಿ. ನಾವು ಊರಿಗೆ ಹೋಗಿದ್ದಾಗ ಹುಲ್ಲು ಕತ್ತರಿಸಲು ಬಂದವರು ಬಾವುಟ ನೋಡದೆ ಆರು ಸಸಿಗಳ ಮೇಲೆ ಯಂತ್ರ ಹಾಯಿಸಿದ್ದಾರೆ. ಸೂಜಿ ಎಲ್ಲ ಹೋಗಿದೆ. ಮಗಳು ಅಳುತ್ತಿದ್ದಾಳೆ.

ಕ್ಯಾರಿಯ_ಕೈತೋಟ · ಜುಲೈ 2

ಮೊಗ್ಗು ಉಳಿದಿದೆಯಾ ನೋಡಿ. ಉಳಿದಿದ್ದರೆ ಹೊಸ ಸೂಜಿ ಬರುತ್ತದೆ, ಬೆಂಕಿ ಬಿದ್ದ ಹಾಗೆ ಅಂದುಕೊಳ್ಳಿ. ಮೊಗ್ಗೇ ತುಂಡಾಗಿದ್ದರೂ ಹುಲ್ಲಿನ ಹಂತದಲ್ಲಿ ಕೆಲವೊಮ್ಮೆ ಬುಡದಿಂದ ಹೊಸದು ಬರುತ್ತದೆ. ಗೊಬ್ಬರ ಹಾಕಬೇಡಿ, ಸುತ್ತ ಕಳೆ ಮಾತ್ರ ಕೈಯಲ್ಲಿ ಬಿಡಿಸಿ. ಸೂಜಿಯ ಮೇಲೆ ಕಂದು ಚುಕ್ಕಿ ಬರುತ್ತಿದೆಯಾ ಅಂತಲೂ ಗಮನಿಸಿ. ಅದು ಈ ಹಂತದ ಶಿಲೀಂಧ್ರ ರೋಗ, ಜಾಸ್ತಿ ಆದರೆ ಸಸಿ ಮೇಲೇಳುವುದು ಇನ್ನೂ ತಡವಾಗುತ್ತದೆ.

ಮರಳುನೆಲದ_ಮನೆ · ಏಪ್ರಿಲ್ 4

ಒಂಬತ್ತು ತಿಂಗಳ ಮೇಲೆ ಬರುತ್ತಿದ್ದೇನೆ. ಯಂತ್ರ ಹಾಯ್ದ ಆರರಲ್ಲಿ ನಾಲ್ಕು ಬದುಕಿವೆ. ಒಂದಕ್ಕೆ ಬುಡದಿಂದ ಹೊಸ ಮೊಗ್ಗು ಬಂದಿದೆ. ಕುಂಡಕ್ಕೆ ಹಾಕಿದ್ದ ನಾಲ್ಕೂ ಹೋದವು, ನೀವು ಹೇಳಿದ ಹಾಗೇ.

ಬೆಂಡೆಯ ಮಡಿ ಈಗ ಅಡುಗೆ ಮನೆಯ ಪಕ್ಕ. ಚಳಿಗಾಲದಲ್ಲಿ ಕಿತ್ತ ಜಾಗದಲ್ಲೇ ನರ್ಸರಿಯ ನಾಲ್ಕು ಸಸಿ ನೆಟ್ಟೆವು. ಮಗಳು ಪ್ರತಿ ಭಾನುವಾರ ಅಳತೆಪಟ್ಟಿ ತಗೊಂಡು ಹೋಗುತ್ತಾಳೆ. ಒಂಬತ್ತನೇ ಬಾವುಟದ ಸಸಿಯ ಬುಡ ಹೋದ ತಿಂಗಳು ಎರಡೂವರೆ ಸೆಂಟಿಮೀಟರ್ ದಾಟಿತ್ತು. ಇವತ್ತು ಅದರ ಮೊಗ್ಗು ಸೂಜಿಗಳಿಗಿಂತ ಮೇಲೆ ಬಂದಿದೆ. ಬಿಳಿ, ನೆಟ್ಟಗೆ, 11 ಸೆಂಟಿಮೀಟರ್. ಅಪ್ಪನಿಗೆ ವಿಡಿಯೋದಲ್ಲಿ ತೋರಿಸಿದೆ. "ಕಳಲೆ ಬಂತಲ್ಲ" ಅಂದರು.